ಏರಿನಲ್ಲಿ ಮಾತ್ರ ಸುಸ್ತಾಗುವ ಕಾರು

ತೊಂದರೆ ಇರುವುದು ಒಂದು ಕಷ್ಟ. ಆ ತೊಂದರೆಯನ್ನು ಇನ್ನೊಬ್ಬರ ಕಣ್ಣಿಗೆ ತೋರಿಸಲಾಗದಿರುವುದು ಬೇರೆಯೇ ಕಷ್ಟ. ಎರಡರಲ್ಲಿ ಮನುಷ್ಯನನ್ನು ಹೆಚ್ಚು ಬಳಲಿಸುವುದು ಎರಡನೆಯದು ಎಂದು ನನಗೆ ಈ ವರ್ಷ ಗೊತ್ತಾಯಿತು. ರಾತ್ರಿಯೆಲ್ಲ ಗೋಳು ಹೊಯ್ದುಕೊಂಡ ಹಲ್ಲುನೋವು ಡಾಕ್ಟರ ಕುರ್ಚಿಯ ಮೇಲೆ ಕೂತ ತಕ್ಷಣ ನಿಂತುಹೋಗುತ್ತದೆ. ನಲ್ಲಿ ಸೋರುತ್ತಿದೆ ಎಂದು ಪ್ಲಂಬರನ್ನು ಕರೆಸಿದರೆ ಅವನೆದುರಿಗೆ ಒಂದು ಹನಿಯೂ ಬೀಳುವುದಿಲ್ಲ. ಗಣಿತದ ಪಿರಿಯಡ್ಡಿನಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿದ ಮಕ್ಕಳಿಗೆ "ನಾಟಕ ಸಾಕು, ಕೂತ್ಕೋ" ಎಂದು ಹೇಳಿಯೇ ಸರ್ವೀಸು ಕಳೆದವಳು ನಾನು. ಅಂಥ ನನ್ನ ಕಾರಿಗೇ ಹೊಟ್ಟೆನೋವು ಬಂತು, ಅದೂ ನಾನೊಬ್ಬಳೇ ಇದ್ದಾಗ ಮಾತ್ರ. "ನಾಟಕ ಸಾಕು" ಎನ್ನುವ ಸರದಿ ಈಗ ಮನೆಯವರದಾಯಿತು.

ವಿಷಯ ಹೀಗೆ. ನಾನು ಶ್ರೀನಿವಾಸಪುರದಲ್ಲಿ ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಶಾಲೆಯಲ್ಲಿ ಪಾಠ ಮಾಡಿಕೊಂಡು ನೆಮ್ಮದಿಯಾಗಿದ್ದೆ. ಜೂನ್ ತಿಂಗಳಲ್ಲಿ ಬಡ್ತಿ ಬಂತು. ಮುಳಬಾಗಿಲು ದಾಟಿ, ಆಂಧ್ರದ ಗಡಿಯ ಪಕ್ಕದಲ್ಲಿರುವ ಒಂದು ಊರಿನ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಆ ಊರಿಗೆ ಬಸ್ಸು ಇದೆ, ಆದರೆ ಅದು ಬರುವ ಹೊತ್ತಿಗೂ ಶಾಲೆಯ ಗಂಟೆಗೂ ಯಾವ ಸಂಬಂಧವೂ ಇಲ್ಲ. ಹಾಗಾಗಿ ನಾನೇ ಕಾರು ಓಡಿಸಿಕೊಂಡು ಹೋಗಿಬರುವುದು ಎಂದಾಯಿತು. ಕಾರು ನಮ್ಮ ಯಜಮಾನರದು. ಅವರದು ಮಾವಿನ ಮಂಡಿ. ತೋಟ ತೋಟ ತಿರುಗುವುದಕ್ಕೆಂದು ಹಳೆಯ ಡೀಸೆಲ್ ಕಾರೊಂದನ್ನು ಕೊಂಡಿದ್ದರು. ಆಮೇಲೆ ತೋಟದ ದಾರಿಗಳಿಗೆ ಬೈಕೇ ವಾಸಿ ಅನ್ನಿಸಿ ಕಾರನ್ನು ಮನೆಯ ಮುಂದೆ ನಿಲ್ಲಿಸಿದ್ದರು. ಅದರ ಸ್ಟೇರಿಂಗ್ ನನ್ನ ಕೈಗೆ ಬಂದಾಗ ನನಗಾದ ಸಂತೋಷ ಬಡ್ತಿಯ ಆದೇಶ ಕೈಗೆ ಬಂದಾಗಲೂ ಆಗಿರಲಿಲ್ಲ. ಈ ವಯಸ್ಸಿನಲ್ಲಿ ಒಬ್ಬಳೇ ಕಿಟಕಿ ಇಳಿಸಿಕೊಂಡು, ಯಾರನ್ನೂ ಕೇಳದೆ, ಬೇಕಾದಲ್ಲಿ ನಿಲ್ಲಿಸಿ ಸೀಬೆಹಣ್ಣು ಕೊಳ್ಳುವ ಸುಖ ಏನು ಎನ್ನುವುದನ್ನು ಜೀವಮಾನವೆಲ್ಲ ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತವರಿಗೆ ಮಾತ್ರ ವಿವರಿಸಬಹುದು.

ಓಡಿಸುವುದನ್ನು ನನಗೆ ಕಲಿಸಿದವರು ಅಪ್ಪ. ಹುತ್ತೂರಿನ ಕಡೆ ಅವರದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಲಂಗ ತೊಡುವ ಕಾಲದಲ್ಲೇ ನನ್ನನ್ನು ಟ್ರ್ಯಾಕ್ಟರ್ ಮೇಲೆ ಕೂರಿಸಿ, "ಗಾಡಿ ಏನ್ ಹೇಳ್ತದೋ ಅಂಡಿಗೆ ಗೊತ್ತಾಗ್ತದೆ ಕಣಮ್ಮ, ಕಿವಿಗಲ್ಲ" ಎಂದು ಪಾಠ ಹೇಳಿದ್ದರು. ಇಷ್ಟು ಸತ್ಯವಾದ ಪಾಠವನ್ನು ನಾನು ನನ್ನ ಯಾವ ವಿದ್ಯಾರ್ಥಿಗೂ ಹೇಳಿಕೊಟ್ಟಿಲ್ಲ. ಹೇಳಿಕೊಡುವ ಹಾಗೂ ಇಲ್ಲ.

ಬೆಳಿಗ್ಗೆ ಹೋಗುವಾಗ ಕಾರು ಚೆನ್ನಾಗಿಯೇ ಹೋಗುತ್ತಿತ್ತು. ತೊಂದರೆ ಸಂಜೆ ವಾಪಸ್ಸು ಬರುವಾಗ. ದಾರಿಯಲ್ಲಿ ಬಂಡೆಗಳ ನಡುವೆ ಒಂದು ಉದ್ದನೆಯ ಏರು ಇದೆ. ಬೆಳಿಗ್ಗೆ ಅದು ಇಳಿಜಾರು, ಸಂಜೆ ಏರು. ಅರ್ಧ ಏರು ಹತ್ತುವಷ್ಟರಲ್ಲಿ ಕಾರಿಗೆ ಇದ್ದಕ್ಕಿದ್ದ ಹಾಗೆ ಕೈಕಾಲು ಬಿದ್ದುಹೋಗುವುದು. ನಿಲ್ಲುವುದಿಲ್ಲ, ಹೊಗೆ ಉಗುಳುವುದಿಲ್ಲ, ಶಬ್ದ ಮಾಡುವುದಿಲ್ಲ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ತನಗೂ ಅದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ತೆವಳುತ್ತದೆ. ಮುಂದೆ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ. ಹಿಂದೆ ಟೊಮೇಟೊ ತುಂಬಿದ ಲಾರಿ ಹಾರನ್ ಹೊಡೆಯುತ್ತದೆ. ಒಂದು ದಿನವಂತೂ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಯಾನಮ್ಮಾ, ಆರಾಮಾ?" ಎಂದು ಕೇಳಿಕೊಂಡು ಹೋದ. ಹೇಗೋ ದಿನ್ನೆಯ ಮೇಲಕ್ಕೆ ಬಂದು, ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ನೀರು ಕುಡಿದು, ದೇವರನ್ನು ನೆನೆದು ಮತ್ತೆ ಆನ್ ಮಾಡಿದರೆ ದೀಪವೂ ಇಲ್ಲ, ಸುಸ್ತೂ ಇಲ್ಲ. ಏನೂ ಆಗೇ ಇಲ್ಲವೇನೋ ಎನ್ನುವ ಹಾಗೆ ಮನೆಯ ತನಕ ಓಡಿಕೊಂಡು ಬರುತ್ತದೆ.

ಮನೆಯಲ್ಲಿ ಹೇಳಿದೆ. ಭಾನುವಾರ ಬೆಳಿಗ್ಗೆ ಇನ್ನೂ ತಂಪಿರುವಾಗಲೇ ಯಜಮಾನರು ಕಾರು ತೆಗೆದುಕೊಂಡು ಕೋಲಾರದ ತನಕ ಹೋಗಿಬಂದರು. "ಬೆಣ್ಣೆ ಕಣೇ, ಬೆಣ್ಣೆ. ನೀನು ಗೇರ್ ಸರಿಯಾಗಿ ಇಳಿಸ್ತಾ ಇಲ್ಲ" ಎಂದರು. ನಮ್ಮವರ ಬಗ್ಗೆ ಒಂದು ಮಾತು ಹೇಳಬೇಕು. ಮಾವಿನ ಹಣ್ಣಿನ ತೊಟ್ಟಿನ ಹತ್ತಿರ ಒಂದು ಸಲ ಮೂಸಿ, ಒಳಗೆ ಹುಳವಿದೆಯೋ ಇಲ್ಲವೋ ಹೇಳುವವರು ಅವರು. ಆ ವಿದ್ಯೆ ಮಾವಿನ ಹಣ್ಣಿಗೆ ಮಾತ್ರ ಎನ್ನುವುದು ಅವರಿಗೆ ಹೊಳೆಯುವುದಿಲ್ಲ. ಮನುಷ್ಯರನ್ನು, ಟಿವಿಯನ್ನು, ಹವಾಮಾನವನ್ನು ಎಲ್ಲವನ್ನೂ ಹೊರಗಿನಿಂದಲೇ ಮೂಸಿ ತೀರ್ಮಾನ ಹೇಳುತ್ತಾರೆ. ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಕೋಲಾರದ ಒಂದು ದೊಡ್ಡ ವರ್ಕ್‌ಶಾಪಿಗೆ ಕಳಿಸಿದರು. ಅಲ್ಲಿನವರು ಕಾರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ, "ಟರ್ಬೋ ಬೂಸ್ಟ್ ಕಡಿಮೆ ಅಂತ ತೋರಿಸ್ತಿದೆ ಮೇಡಂ" ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಕಾಯಿಲೆ ಇದೆ ಎಂದು ಕೇಳಿ ಇಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಟರ್ಬೋ ಎಂದರೆ ಏನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕುಲುಮೆಯ ತಿದಿ ಇದ್ದ ಹಾಗಂತೆ. ಎಂಜಿನ್ನಿನ ಒಳಗೆ ಗಾಳಿಯನ್ನು ಒತ್ತಿ ಊದುತ್ತದೆ. ಗಾಳಿ ಹೆಚ್ಚಾದರೆ ಉರಿ ಹೆಚ್ಚು, ಉರಿ ಹೆಚ್ಚಾದರೆ ಕಾರು ಏರು ಹತ್ತುತ್ತದೆ. ಎಷ್ಟು ಊದಬೇಕು ಎಂದು ನಿರ್ಧರಿಸುವುದು ಕಂಪ್ಯೂಟರು. ಅದು ಒಂದು ಸಣ್ಣ ವಾಲ್ವಿಗೆ ಹೇಳುತ್ತದೆ, ಆ ವಾಲ್ವು ಪೈಪಿನ ಮೂಲಕ ಗಾಳಿ ಹೀರುವ ಎಳೆತ ಕಳಿಸುತ್ತದೆ, ಆ ಎಳೆತಕ್ಕೆ ಒಂದು ಕಡ್ಡಿ ಮೇಲೆದ್ದು ಟರ್ಬೋವನ್ನು ಎಚ್ಚರಿಸುತ್ತದೆ. ಥೇಟ್ ನಮ್ಮ ಇಲಾಖೆಯೇ. ಮೇಲಿನಿಂದ ಹೊರಟ ಆದೇಶ ಕೆಳಗೆ ಬರುವಷ್ಟರಲ್ಲಿ ನಡುವೆ ಎಲ್ಲೋ ಮಲಗಿಬಿಟ್ಟರೆ, ಮೇಲಿನವರು ಹಳದಿ ದೀಪ ಹಾಕಿ ಕೂರುತ್ತಾರೆ. ವರ್ಕ್‌ಶಾಪಿನವರು ವಾಲ್ವು ಬದಲಾಯಿಸಿದರು. ಅದೇ ದಿನ್ನೆಯಲ್ಲಿ ಅದೇ ಸಂಜೆ ಕಾರು ಮತ್ತೆ ಸುಸ್ತಾಯಿತು. ಪುನಃ ಹೋದಾಗ, ತಂಪಾದ ಶೆಡ್ಡಿನಲ್ಲಿ ನಿಲ್ಲಿಸಿ ನೋಡಿ, ಎಲ್ಲ ಸರಿ ಇದೆ, ಹಾಗಾದರೆ ಟರ್ಬೋನೇ ಹೋಗಿರಬೇಕು, ಪೂರ್ತಿ ಬದಲಾಯಿಸಬೇಕು ಎಂದರು.

ಅದಕ್ಕೆ ಯಜಮಾನರು ತಣ್ಣಗೆ, "ಟರ್ಬೋ ಬದಲಾಯಿಸೋಕೆ ಮುಂಚೆ ಡ್ರೈವರ್ ಬದಲಾಯಿಸಿ ನೋಡೋಣ" ಎಂದರು.

ನನಗೆ ಕೋಪ ಬಂತು ಎಂದರೆ ಸುಳ್ಳಾಗುತ್ತದೆ. ಬಂದದ್ದು ಅನುಮಾನ, ಅದೂ ನನ್ನ ಮೇಲೆಯೇ. ಅವರು ಒಬ್ಬ ಡ್ರೈವರನ್ನು ಗೊತ್ತು ಮಾಡಿಯೂ ಬಿಟ್ಟರು. ಅವನು ಬರುವುದು ಮುಂದಿನ ತಿಂಗಳಿಂದ. "ಇಲ್ಲಾಂದ್ರೆ ಬಡ್ತಿ ಬೇಡ ಅಂತ ಹೇಳ್ಬಿಡು. ಒಬ್ಬಳೇ ಆ ಬಂಡೆಗಳ ಮಧ್ಯೆ ನಿಂತ್ಕೊಂಡ್ರೆ ನನಗೆ ಇಲ್ಲಿ ಮಂಡೀಲಿ ಕೈಯೇ ಓಡಲ್ಲ" ಎಂದರು. ಆ ಮಾತಿನಲ್ಲಿ ಕಾಳಜಿ ಇತ್ತು, ಅದೇ ಕಷ್ಟ. ಬರೀ ಗೇಲಿಯಾಗಿದ್ದರೆ ಜಗಳ ಆಡಬಹುದಿತ್ತು. ಶಾಲೆಯಲ್ಲಿ ಅಡುಗೆಯ ನಾಗಮ್ಮ ಬೇರೆ ದಿನಾ ಬೆಳಿಗ್ಗೆ, "ಏಮಿ ಮೇಡಂ, ಈ ರೋಜು ಬಂಡಿ ಬಾಗುಂದಾ?" ಎಂದು ಕಾರಿನ ಆರೋಗ್ಯ ವಿಚಾರಿಸುತ್ತಿದ್ದಳು. ದಿನ್ನೆ ಹತ್ತಿರ ಬರುತ್ತಿದ್ದಂತೆ ನನ್ನ ಅಂಗೈ ಬೆವರತೊಡಗಿತು. ಗೇರು ಸರಿಯಾಗಿ ಹಾಕಿದೆನೋ ಇಲ್ಲವೋ, ಕಾಲು ಕ್ಲಚ್ಚಿನ ಮೇಲೆ ಇದೆಯೋ ಏನೋ, ಅಪ್ಪ ಕಲಿಸಿದ್ದೇ ತಪ್ಪೇನೋ. ಯಾರಾದರೂ ದಿನಾ ನಿನ್ನದೇ ತಪ್ಪು ಎಂದು ಪ್ರೀತಿಯಿಂದ ಹೇಳುತ್ತಿದ್ದರೆ ಕೊನೆಗೊಂದು ದಿನ ಅದನ್ನು ನಂಬಿಬಿಡುತ್ತೇವೆ. ಸ್ಟೇರಿಂಗ್ ಬಿಟ್ಟುಕೊಟ್ಟು ಹಿಂದಿನ ಸೀಟಿನಲ್ಲಿ ಕೂರುವುದಕ್ಕೆ ನಾನು ಮನಸ್ಸಿನಲ್ಲಿ ಅರ್ಧ ಒಪ್ಪಿಯೂ ಆಗಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಯ ಪ್ರಯತ್ನ ಎಂದು ಮುಳಬಾಗಿಲಿನ ಜಲೀಲ್ ಭಾಯಿಯ ಗ್ಯಾರೇಜಿಗೆ ಹೋದೆ. ಜಲೀಲ್ ಭಾಯಿ ಮಾತಿನ ಮಲ್ಲ. ಬಾನೆಟ್ ತೆಗೆಯುವ ಮುಂಚೆಯೇ ಕಾಯಿಲೆ ಹೇಳುತ್ತಾನೆ. ತೆಗೆದ ಮೇಲೆ ಬೇರೆ ಕಾಯಿಲೆ ಹೇಳುತ್ತಾನೆ. ಮೊದಲು ಡೀಸೆಲ್ ಫಿಲ್ಟರ್ ಎಂದ, ಆಮೇಲೆ ಗಾಳಿಯ ಫಿಲ್ಟರ್ ಎಂದ, ಎರಡೂ ಬದಲಾಯಿಸಿ, "ಅಬ್ ದೇಖೋ ಮೇಡಂ, ಕುದ್ರೆ ಆಗ್ತದೆ ಕುದ್ರೆ" ಎಂದ. ಅವತ್ತು ಸಂಜೆಯೂ ಕುದುರೆ ದಿನ್ನೆಯಲ್ಲಿ ಮಂಡಿಯೂರಿತು. ಮರುದಿನ ಸಂಜೆ ಶಾಲೆಯಿಂದ ಬರುವಾಗ ನಾನು ಅವನೆದುರು ನಿಂತು, "ಎಲ್ರೂ ನೆರಳಲ್ಲಿ ನಿಲ್ಸಿ ನೋಡ್ತೀರಿ. ಅದು ಕೆಡೋ ಜಾಗಕ್ಕೆ ಬಂದು ನೋಡಿ" ಎಂದೆ. ಅಳು ಬರುವ ಹಾಗಿತ್ತು. ಮುಖ್ಯೋಪಾಧ್ಯಾಯಿನಿಯ ದನಿಯಲ್ಲಿ ಹೇಳಿದ್ದರಿಂದ ಅದು ಆಜ್ಞೆಯ ಹಾಗೆ ಕೇಳಿಸಿತು. ಜಲೀಲ್ ಭಾಯಿ ಸುಮ್ಮನೆ ಬಂದು ಪಕ್ಕದಲ್ಲಿ ಕೂತ. ದಾರಿಯುದ್ದಕ್ಕೂ ಬಾಗಿಲಿನ ಮೇಲಿನ ಹಿಡಿಯನ್ನು ಬಿಡಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಅವನು ಪ್ರಾರ್ಥನೆ ಮಾಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು, ನನಗೆ ಗೊತ್ತಾಯಿತು ಎಂದು ಅವನಿಗೂ ಗೊತ್ತಾಯಿತು.

ಅರ್ಧ ಏರಿಗೆ ಕಾರು ಎಂದಿನಂತೆ ಕೈಚೆಲ್ಲಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದರ ಕೆನ್ನೆ ತಟ್ಟೋಣ ಅನ್ನಿಸಿತು. ಪಕ್ಕಕ್ಕೆ ನಿಲ್ಲಿಸಿದೆ. "ಆಫ್ ಮಾಡಿ ಆನ್ ಮಾಡಿ ಮೇಡಂ, ಸರಿಹೋಗ್ತದೆ" ಎಂದ ಜಲೀಲ್ ಭಾಯಿ. "ಸರಿಹೋಗ್ಬಾರ್ದು, ಅದಕ್ಕೇ ಆಫ್ ಮಾಡಲ್ಲ" ಎಂದೆ. ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದೆವು. ಮುಖಕ್ಕೆ ಒಲೆಯ ಝಳ ಹೊಡೆಯಿತು. ಜಲೀಲ್ ಭಾಯಿ ಮುಂಭಾಗದಲ್ಲಿ ಟರ್ಬೋದ ಕಡ್ಡಿಯನ್ನು ನೋಡುತ್ತ, "ಏಳ್ತಾ ಇಲ್ಲ, ಮಲ್ಗೈತೆ" ಎಂದ. ಅದು ಏಕೆ ಮಲಗಿದೆ ಎಂದು ಅವನು ಮೂರು ನಾಲ್ಕು ಕಾರಣ ಹೇಳುತ್ತಿರುವಾಗ ನಾನು ಮಾಡುವುದಕ್ಕೆ ಬೇರೆ ಕೆಲಸವಿಲ್ಲದೆ ಇನ್ನೊಂದು ಬದಿಯಿಂದ ಬಗ್ಗಿದೆ. ಹಿಂದೆ, ಎಂಜಿನ್ನಿಗೂ ಸೀಟುಗಳಿಗೂ ನಡುವಿನ ತಗಡಿನ ಗೋಡೆಯ ಹತ್ತಿರ, ವಾಲ್ವಿಗೆ ಹೋಗುವ ಪೈಪಿನ ನಡುವೆ ಸೇರಿಸಿದ್ದ ಸಣ್ಣ ಕಪ್ಪು ತುಂಡೊಂದು ಚಪ್ಪಟೆಯಾಗಿತ್ತು. ಮಕ್ಕಳು ಜ್ಯೂಸ್ ಡಬ್ಬಿಯ ಕೊನೆಯ ಹನಿಯನ್ನೂ ಬಿಡದೆ ಹೀರುವಾಗ ಕಡ್ಡಿ ಒಳಕ್ಕೆ ಅಂಟಿಕೊಳ್ಳುತ್ತದಲ್ಲ, ಹಾಗೆ. ಕೈಯಲ್ಲಿದ್ದ ಬಾಟಲಿಯ ನೀರನ್ನು ಅದರ ಮೇಲೆ ನಿಧಾನವಾಗಿ ಸುರಿದೆ. ಪೈಪು ಉಸಿರು ಎಳೆದುಕೊಂಡ ಹಾಗೆ ದುಂಡಗಾಯಿತು. ಜಲೀಲ್ ಭಾಯಿ ಓಡಿಹೋಗಿ ಆಫ್ ಮಾಡಿ ಆನ್ ಮಾಡಿದ. ಕಡ್ಡಿ ಪಟ್ಟನೆ ಎದ್ದು ನಿಂತಿತು.

ಅಲ್ಲಿಗೆ ಎಲ್ಲವೂ ಬಿಡಿಸಿಕೊಂಡಿತು. ದಿನವಿಡೀ ಬಿಸಿಲಲ್ಲಿ ನಿಂತ ಕಾರು ಏರು ಹತ್ತುವಾಗ ಒಳಗೆಲ್ಲ ಕಾಯುತ್ತದೆ. ಕಾದಾಗ ಪೈಪು ಮೆತ್ತಗಾಗುತ್ತದೆ. ಎಂಜಿನ್ನಿನ ಎಳೆತಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಆಫ್ ಮಾಡಿದರೆ ಎಳೆತ ನಿಂತು ಮತ್ತೆ ದುಂಡಗೆ. ಬೆಳಗಿನ ತಂಪಿನಲ್ಲಿ, ಶೆಡ್ಡಿನ ನೆರಳಿನಲ್ಲಿ ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ನನ್ನ ಕೈ, ನನ್ನ ಕಾಲು, ನನ್ನ ಗೇರು, ಎಲ್ಲ ಸರಿಯಾಗಿತ್ತು. ರಸ್ತೆಯ ಬದಿಯಲ್ಲಿ ನಿಂತು ನಾನು ನಿಜವಾಗಿ ಅತ್ತೆ. ಜಲೀಲ್ ಭಾಯಿ ಗಾಬರಿಯಾಗಿ, "ಅರೆ, ಸಣ್ಣ ಪೈಪು ಮೇಡಂ, ಇದಕ್ಕೆಲ್ಲಾ ಅಳ್ತಾರಾ?" ಎಂದ. ಆಮೇಲೆ ಬಗ್ಗಿ ನೋಡಿ ಬಿದ್ದುಬಿದ್ದು ನಕ್ಕ. "ಯಾ ಅಲ್ಲಾ! ಇದು ಕಾರಿನ ಪೈಪೇ ಅಲ್ಲ. ಇದು ತೋಟಕ್ಕೆ ಹನಿ ನೀರು ಬಿಡೋ ಪೈಪು! ಯಾರು ಮೇಡಂ ಈ ಕಾಮ್ ಮಾಡಿದ್ದು?"

ನಾನು ಇನ್ನೊಮ್ಮೆ ಬಗ್ಗಿ ನೋಡಿದೆ. ಆ ತುಂಡಿನ ಎರಡು ತುದಿಯಲ್ಲೂ ಕ್ಲಿಪ್ ಇರಲಿಲ್ಲ. ರೇಷ್ಮೆಯ ಹುರಿಯನ್ನು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಒಳಗೆ ತೂರಿಸಿ ಗಂಟು ಕಾಣದ ಹಾಗೆ ಕಟ್ಟಿತ್ತು. ಹಾಗೆ ಕಟ್ಟುವವರು ನನಗೆ ತಿಳಿದಂತೆ ಈ ಜಿಲ್ಲೆಯಲ್ಲಿ ಒಬ್ಬರೇ. ಹನಿ ನೀರಾವರಿಯ ಪೈಪಿನ ತುಂಡಿಲ್ಲದೆ ಅಪ್ಪ ತೋಟಕ್ಕೂ ಇಳಿಯುವುದಿಲ್ಲ, ಮದುವೆಗೂ ಹೋಗುವುದಿಲ್ಲ. ಅವರ ಕನ್ನಡಕದ ಕಾಲು ಅದರದೇ, ಕೊಡೆಯ ಹಿಡಿ ಅದರದೇ, ಅಮ್ಮನ ಮಿಕ್ಸಿಯ ಮುಚ್ಚಳವನ್ನು ಬಿಗಿ ಹಿಡಿದಿರುವುದೂ ಅದೇ. ಬಡ್ತಿಗೆ ಮುಂಚಿನ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಹೋದಾಗ ಯಜಮಾನರು ಕಾರನ್ನು ಅವರ ಅಂಗಳದಲ್ಲಿ, ಹಿಪ್ಪುನೇರಳೆ ಸೊಪ್ಪಿನ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದರು. ಹೊರಡುವಾಗ ಅಪ್ಪ ನನಗೆ, "ಇಲಿ ಒಂದು ಪೈಪು ಕಡಿದಿತ್ತಮ್ಮ, ಕಟ್ಟಿದ್ದೀನಿ. ಹೊಸದಕ್ಕಿಂತ ಗಟ್ಟಿ" ಎಂದಿದ್ದರು. ನಾನು ತಲೆಯಾಡಿಸಿ, ಕಾರಿನ ಹಿಂದೆ ಸೊಪ್ಪು, ಅವರೆಕಾಳು ತುಂಬಿಕೊಳ್ಳುವುದರಲ್ಲಿ ಮುಳುಗಿದ್ದೆ.

"ಗೊತ್ತಿಲ್ಲ ಭಾಯಿ, ಯಾರೋ ಹಳೇ ಓನರ್ ಇರ್ಬೇಕು" ಎಂದೆ.

ಜಲೀಲ್ ಭಾಯಿ ದಪ್ಪನೆಯ ರಬ್ಬರ್ ಪೈಪು ಹಾಕಿಕೊಟ್ಟ. ಕಾರು ಏರಿನಲ್ಲಿ ಎಲ್ಲೂ ಏದುಸಿರು ಬಿಡಲಿಲ್ಲ. ಆದರೆ ನನಗೆ ಹೊಸ ಪೇಚಾಟ ಶುರುವಾಯಿತು. ಮನೆಯಲ್ಲಿ ಏನು ಹೇಳುವುದು? ಪೈಪಿನ ವಿಷಯ ಹೇಳಿದರೆ ನನ್ನ ಮಾನ ಉಳಿಯುತ್ತದೆ, ಅಪ್ಪನ ಮಾನ ಹೋಗುತ್ತದೆ. ನಾನು ಓಡಿಸಬಲ್ಲೆ ಎಂದು ಮೊದಲು ನಂಬಿದ್ದು ಅವರೊಬ್ಬರೇ. ನಮ್ಮವರ ಕೈಗೆ ಈ ಸಂಗತಿ ಸಿಕ್ಕರೆ ಮಾವಿನ ಸುಗ್ಗಿಯಿಂದ ಸುಗ್ಗಿಗೆ, ಮಂಡಿಗೆ ಬಂದವರಿಗೆಲ್ಲ, ಮಾವನವರು ಕಾರಿಗೆ ನೀರಾವರಿ ಮಾಡಿದ ಕಥೆ ಹೇಳಿ ನಗಿಸುತ್ತಾರೆ. ಅಪ್ಪನಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ. ತನ್ನ ಕೈಕೆಲಸದ ಬಗ್ಗೆ ಇರುವ ಹೆಮ್ಮೆಯೊಂದೇ ಇನ್ನೂ ನಡುಗದೆ ನಿಂತಿದೆ. ಹಾಗಾಗಿ ಬಾಯಿ ಮುಚ್ಚಿಕೊಂಡೆ. "ಈಗ ಸರಿಹೋಗಿದೆ" ಎಂದಷ್ಟೇ ಹೇಳಿದೆ. ಯಜಮಾನರು ಒಂದು ವಾರ ಗಮನಿಸಿ, ಡ್ರೈವರಿಗೆ ಬರಬೇಡ ಎಂದು ಹೇಳಿಕಳಿಸಿ, "ನೋಡಿದ್ಯಾ, ನಾನು ಹೇಳಿದ ಹಾಗೆ ಗೇರ್ ಇಳಿಸಿದೆ, ಸರಿಹೋಯ್ತು" ಎಂದರು. ನಾನು ಪಲ್ಯಕ್ಕೆ ಉಪ್ಪು ಎರಡು ಸಲ ಹಾಕಿದೆ. ತ್ಯಾಗ ಮಾಡುವಾಗ ಮುಖ ಶಾಂತವಾಗಿರಬೇಕು ಎನ್ನುತ್ತಾರೆ. ನನ್ನ ಮುಖ ಹೇಗಿತ್ತೆಂದು ಕನ್ನಡಿ ನೋಡಲಿಲ್ಲ.

ಮುಂದಿನ ಭಾನುವಾರ ಹುತ್ತೂರಿನ ಕಡೆಗೆ ಊಟಕ್ಕೆ ಹೋದೆವು. ನಾನೇ ಓಡಿಸಿದೆ. ಅಂಗಳದಲ್ಲಿ ಇಳಿಯುತ್ತಿದ್ದಂತೆಯೇ ಯಜಮಾನರು ಅಪ್ಪನಿಗೆ ವರದಿ ಒಪ್ಪಿಸಿದರು: ಕಾರು ಏರಿನಲ್ಲಿ ಎಳೆಯುತ್ತಿರಲಿಲ್ಲವೆಂದೂ, ದಿನವಿಡೀ ಬಿಸಿಲಲ್ಲಿ ನಿಂತ ಮೇಲೆ ಸಂಜೆ ಮಾತ್ರ ಹಾಗಾಗುತ್ತಿತ್ತೆಂದೂ, ಆಫ್ ಮಾಡಿದರೆ ಸರಿಹೋಗುತ್ತಿತ್ತೆಂದೂ, ತಾವು ಹೇಳಿಕೊಟ್ಟ ಮೇಲೆ ನನ್ನ ಕೈ ಕುದುರಿದೆ ಎಂದೂ. ಅಪ್ಪ ಕೇಳಿಸಿಕೊಂಡರು. "ಬಿಸಿಯಾದಾಗ ಮಾತ್ರಾನಾ?" ಎಂದು ಒಂದು ಸಲ ಕೇಳಿದರು, ಅಷ್ಟೇ. ಅಮ್ಮ ಎಲೆ ಹಾಕುತ್ತಿರುವಾಗ ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಅಪ್ಪ ಕಾರಿನ ಬಾನೆಟ್ ಎತ್ತಿ, ನಡುಗುವ ಕೈಯನ್ನು ಒಳಗೆ ಚಾಚಿ, ಹೊಸ ರಬ್ಬರ್ ಪೈಪನ್ನು ಮುಟ್ಟಿ ನಿಂತಿದ್ದರು. ಬಹಳ ಹೊತ್ತು ನಿಂತಿದ್ದರು. ಆಮೇಲೆ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ಕೈ ತೊಳೆದುಕೊಂಡು ಬಂದು ಅಳಿಯನ ಎದುರಿಗೆ ಊಟಕ್ಕೆ ಕೂತರು.

ಮುದ್ದೆ ಮುರಿಯುವ ಮುಂಚೆ ಅಪ್ಪ ಹೇಳಿದರು: "ನೋಡಿ ಅಳಿಯಂದ್ರೇ, ತಪ್ಪು ನಂದು. ತೋಟದ ಪೈಪು ಕಟ್ಟಿದ್ದೆ, ಅದು ಕಾವಿಗೆ ತಡೀಲಿಲ್ಲ. ನಮ್ ಮಂಜು ಓಡ್ಸೋದು ಮೊದ್ಲಿಂದ್ಲೂ ಸರಿಯಾಗೇ ಇತ್ತು."

ಯಜಮಾನರ ತುತ್ತು ಸಾರಿನಲ್ಲೇ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ಆ ಮಾತು ಆಡುವುದಕ್ಕೆ ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಳ್ಳೆಯ ಮಗಳಾಗಿದ್ದರೆ ನಾನು ತಕ್ಷಣ, "ಬಿಡಪ್ಪ, ಸಣ್ಣ ವಿಷಯ" ಎಂದು ಮಾತು ಮರೆಸಬೇಕಿತ್ತು. ಇಷ್ಟು ದಿನ ಉಪ್ಪು ಜಾಸ್ತಿಯಾದ ಪಲ್ಯ ತಿಂದು ಕಾಪಾಡಿದ್ದು ಅಪ್ಪನ ಮಾನವನ್ನೇ ಅಲ್ಲವೇ. ಮಾತು ನಾಲಿಗೆಯ ತುದಿಯ ತನಕ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಅಷ್ಟರಲ್ಲಿ ನನ್ನ ಕಣ್ಣು ಯಜಮಾನರ ಮುಖದ ಮೇಲೆ ಬಿತ್ತು.

"ಅಪ್ಪಾ," ಎಂದೆ, "ಇನ್ನೊಂದ್ ಸಲ ಸ್ವಲ್ಪ ಜೋರಾಗಿ ಹೇಳು. ಇವ್ರಿಗೆ ಸರಿಯಾಗಿ ಕೇಳಿಸ್ಲಿಲ್ಲ."